ಲಿನೆಟ್‌ಳ ಕಾರಿನ ಹೊಟ್ಟೆಯಲ್ಲಿ ಅಯಸ್ಕಾಂತ

"ಅಯಸ್ಕಾಂತ!"

ಕ್ಲೈವ್ ಆರ್ಮಂಡ್ರಾಯ್ಡ್ ಕೂಗಿದ ದನಿಗೆ ಕೀಥ್ಲಿಯ ಆ ಪಬ್ಬಿನ ಮಹಡಿಯಲ್ಲಿದ್ದವರೆಲ್ಲ ಪೈ ತಿನ್ನುವುದನ್ನು ನಿಲ್ಲಿಸಿದರು. ಅವನ ಬೆರಳ ನಡುವೆ ಅಂಗಿಯ ಗುಂಡಿಯಷ್ಟು ದೊಡ್ಡ ಅಯಸ್ಕಾಂತ ಥಳಥಳ ಹೊಳೆಯುತ್ತಿತ್ತು. ಇನ್ನೊಂದು ಕೈಯಲ್ಲಿ ಲಿನೆಟ್ ಸಗ್ಡನ್‌ಳ ಪುಟ್ಟ ಹಸಿರು ಕಾರು. ಈಗಷ್ಟೇ ಕ್ಲಬ್ಬಿನ ವಾರ್ಷಿಕ ಪಂದ್ಯ ಗೆದ್ದ ಕಾರು ಅದು.

ಮೂಲೆಯಲ್ಲಿ ಕೂತಿದ್ದ ಗ್ವೆನ್ ಥ್ಯಾಕ್ರೆ ಪತ್ರಿಕೆಯಿಂದ ತಲೆ ಎತ್ತಿದಳು. ಪೊಲೀಸ್ ಪತ್ತೇದಾರಿ ವಿಭಾಗದಲ್ಲಿ ಅರ್ಧ ಆಯುಷ್ಯ ಸವೆಸಿ ನಿವೃತ್ತಳಾದವಳು. ಗಂಡ ಬರ್ನಾರ್ಡನ ಕಣ್ಣಿನ ಪೊರೆಯಿಂದಾಗಿ ಅವನನ್ನು ಇಲ್ಲಿಗೆ ಕರೆತರುವ ಕೆಲಸ ಅವಳ ಪಾಲಿಗೆ ಬಂದಿತ್ತು. ತಲೆ ನರೆತ ಗಂಡಸರು ಅಂಗೈಯಗಲದ ವಿದ್ಯುತ್ ಕಾರುಗಳನ್ನು ಟ್ರ್ಯಾಕಿನ ಸೀಳಿನಲ್ಲಿ ಓಡಿಸುತ್ತ ಒಬ್ಬರನ್ನೊಬ್ಬರು 'ಚಾಲಕರೇ' ಎಂದು ಕರೆದುಕೊಳ್ಳುವುದನ್ನು ನೋಡಿದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅದರಲ್ಲೂ ಇವರ ಮಡಿ ಒಂದು! ಅಂಗಡಿಯಿಂದ ಬರುವ ಕಾರಿನ ಅಡಿಯಲ್ಲಿ ಅಯಸ್ಕಾಂತವಿರುತ್ತದೆ. ಸೀಳಿನ ಎರಡೂ ಬದಿಯ ಉಕ್ಕಿನ ಪಟ್ಟಿಯನ್ನು ಅದು ಕಚ್ಚಿ ಹಿಡಿಯುವುದರಿಂದ ಎಷ್ಟು ಜೋರಾಗಿ ಓಡಿಸಿದರೂ ಕಾರು ಹಾರಿಹೋಗದು. ಇಲ್ಲಿ ಅದು ಮೈಲಿಗೆ. ಅಯಸ್ಕಾಂತ ಕಿತ್ತು, ಸೀಸದ ತುಂಡು ಅಂಟಿಸಿ, ಮೇಲ್ಕವಚದ ತಿರುಪು ತುಸು ಸಡಿಲಿಸಿ, ಮರಳು ಕಾಗದದ ಮೇಲೆ ಟೈರು ಉಜ್ಜಿ ದುಂಡಗೆ ಮಾಡಬೇಕು. ಆಗ ತಿರುವಿನಲ್ಲಿ ಕಾರು ಬಾಲ ಜಾರಿಸುತ್ತದೆ. ಕೈಯಲ್ಲಿರುವ ವೇಗದ ಗುಂಡಿಯನ್ನು ಒತ್ತುವ ಬೆರಳೇ ಅದನ್ನು ಸಂಭಾಳಿಸಬೇಕು. ಈ ಮತದ ಸ್ಥಾಪಕನೂ ಕ್ಲಬ್ಬಿನ ಅಧ್ಯಕ್ಷನೂ ಕ್ಲೈವನೇ. ಪ್ರತಿ ವರ್ಷ ಕಪ್ ಅವನ ಮನೆಗೇ ಹೋಗುತ್ತಿತ್ತು. ಈ ಸಲ ಅವನು ಎರಡನೆಯವನು.

"ಇದು ನಂದಲ್ಲ," ಎಂದಳು ಲಿನೆಟ್. ಬಸ್ಸು ಓಡಿಸುವ ಹೆಂಗಸು, ಕಳೆದ ಶರತ್ಕಾಲದಲ್ಲಷ್ಟೇ ಸೇರಿದವಳು. ಮುಖ ಬಿಳಿಚಿತ್ತು. "ನಾನ್ಯಾಕೆ ಹಾಕ್ಲಿ?"

"ಗೆಲ್ಲೋಕೆ! ಇನ್ಯಾಕೆ?" ಕ್ಲೈವ್ ಮೂಗು ಮುರಿದ. "ನಿಯಮ ಗೊತ್ತಲ್ಲ? ಹೆಸರು ಹೊಡೆದುಹಾಕೋದು. ಯಾರ್ಕ್‌ಷೈರಿನ ಎಲ್ಲ ಕ್ಲಬ್ಬಿಗೂ ತಿಳಿಸೋದು. ಇನ್ನು ಮಕ್ಕಳ ಜೊತೆ ಆಡ್ಕೋ, ಹೋಗು."

ಲಿನೆಟ್‌ಳ ಕಣ್ಣು ತುಂಬಿತು. ಇಡೀ ಚಳಿಗಾಲ ಅವಳಿಗೆ ಇದ್ದದ್ದು ಈ ಕೋಣೆಯೊಂದೇ.

ಪಂದ್ಯದ ತಪಾಸಕನಾಗಿದ್ದ ಬರ್ನಾರ್ಡ್ ಗಂಟಲು ಸರಿಮಾಡಿಕೊಂಡ. "ಪಂದ್ಯಕ್ಕೆ ಮುಂಚೆ ಕಾರಿನ ಅಡಿಗೆ ಗುಂಡುಸೂಜಿ ಹಿಡಿದು ನೋಡಿದ್ದೆ, ಕ್ಲೈವ್. ಸೂಜಿ ಅಲ್ಲಾಡ್ಲೇ ಇಲ್ಲ."

"ನಿನ್ನ ಕಣ್ಣಿಗೆ ಸೂಜಿ ಕಂಡಿದ್ದೇ ದೊಡ್ಡದು."

ಒಂದಿಬ್ಬರು ಕಿಸಕ್ಕೆಂದರು. ಗ್ವೆನ್ ಎದ್ದಳು. ಬರ್ನಾರ್ಡನನ್ನು ದಡ್ಡ ಎನ್ನುವ ಹಕ್ಕು ಅವಳೊಬ್ಬಳದು.

"ಪಂದ್ಯ ಮುಗಿದ ಮೇಲೆ ಕಾರು ಎಲ್ಲಿತ್ತು?"

"ಈ ಮೇಜಿನ ಮೇಲೆ," ಎಂದ ಬರ್ನಾರ್ಡ್.

"ಎಲ್ರೂ ಪೈ ತರೋಕೆ ಕೆಳಗೆ ಹೋದ್ವಿ. ಲಿನೆಟ್ ನನ್ನ ಪಕ್ಕದಲ್ಲೇ ನಿಂತಿದ್ಲು, ನನ್ನ ಜೊತೆಗೇ ಮೇಲೆ ಬಂದ್ಲು. ಇಲ್ಲೇ ಉಳಿದವರು ಯಾರು?"

"ನಾನು," ಎಂದ ಟ್ರೆವರ್. ಮೂರನೆಯ ಸ್ಥಾನದ ದಢೂತಿ ಆಸಾಮಿ. "ಆ ಕಡೆ ತುದೀಲಿ ಟ್ರ್ಯಾಕ್ ಒರೆಸ್ತಿದ್ದೆ. ಕ್ಲೈವ್ ಈ ಕಡೆ ಇದ್ರು."

"ಅದಕ್ಕೇನೀಗ?" ಕ್ಲೈವ್ ನಕ್ಕ. "ಪಂದ್ಯಕ್ಕೆ ಮುಂಚೇನೇ ಹಾಕಿದಾಳೆ ಅಂತ ಹೇಳ್ತಿದೀನಲ್ಲ! ಇಡೀ ಪಂದ್ಯ ಇದರ ಬಲದಲ್ಲೇ ಓಡಿದೆ. ಗ್ವೆನ್ ಅಮ್ಮಾವ್ರೇ, ಇದು ನಿಮ್ಮ ಜೇಬುಗಳ್ಳರ ಕೇಸಲ್ಲ. ನಿಮಗಿದು ಅರ್ಥ ಆಗಲ್ಲ."

"ಹೌದಪ್ಪ. ಆಟದ ಸಾಮಾನು ನನಗೆಲ್ಲಿ ಅರ್ಥ ಆಗ್ಬೇಕು?" ಗ್ವೆನ್ ಟ್ರೆವರ್‌ನತ್ತ ತಿರುಗಿದಳು. "ನಿಮ್ಮ ಮನೇಲಿ ಅಯಸ್ಕಾಂತದ ಕಾರಿದೆಯಾ?"

ಟ್ರೆವರ್ ಕೆಂಪಾದ. "ಮೊಮ್ಮಕ್ಕಳದ್ದು..."

"ಓಡಿಸಿದ ಮೇಲೆ ಅದರಿಂದ ಏನು ಒರೆಸ್ತೀರಿ?"

"ಅಯ್ಯೋ, ಆ ಕರೀ ಗಡ್ಡ! ಪಟ್ಟಿ ಸವೆದ ಉಕ್ಕಿನ ಪುಡಿ. ಹತ್ತು ಸುತ್ತು ಓಡಿಸಿದ್ರೆ ಸಾಕು, ಅಯಸ್ಕಾಂತಕ್ಕೆ ಮೆತ್ಕೊಳತ್ತೆ. ಬಟ್ಟೆಗೆ ಬಗ್ಗಲ್ಲ, ಅಂಟುಪಟ್ಟಿ ಒತ್ತಿ ಕೀಳ್ಬೇಕು."

"ನೀವು, ಕ್ಲೈವ್? ನೀವೇನು ಒರೆಸ್ತೀರಿ?"

"ನಾನಾ? ಮೂವತ್ತು ವರ್ಷದಿಂದ ಆ ದರಿದ್ರ ಮುಟ್ಟಿಲ್ಲ!" ಎದೆಯುಬ್ಬಿಸಿ ಹೇಳಿದವನು ಅಲ್ಲೇ ತಡೆದ. ಅವನ ಕಣ್ಣು ತನ್ನ ಬೆರಳ ನಡುವಿನ ಅಯಸ್ಕಾಂತಕ್ಕೆ ಇಳಿಯಿತು.

ಎಲ್ಲರ ಕಣ್ಣೂ ಅಲ್ಲಿಗೇ ಇಳಿಯಿತು. ಅದರ ಮೇಲೆ ಒಂದು ಕರಿ ಎಳೆಯೂ ಇರಲಿಲ್ಲ.

"ಇದು ಈ ಟ್ರ್ಯಾಕಿನ ಮೇಲೆ ಒಂದು ಸುತ್ತೂ ಓಡಿಲ್ಲ," ಎಂದಳು ಗ್ವೆನ್. "ಪಂದ್ಯ ಮುಗಿದ ಮೇಲೆ ಹಾಕಿದ್ದು. ಟ್ರೆವರ್ ಹಾಕೋದಾಗಿದ್ರೆ ಮೊದ್ಲು ಪುಡಿ ಮೆತ್ತಿಸ್ತಿದ್ರು, ಅವರಿಗೆ ಗೊತ್ತು. ಗೊತ್ತಿಲ್ಲದೆ ಇರೋರು ಅಂದ್ರೆ ಅದನ್ನ ಮುಟ್ಟೋದೇ ಅವಮಾನ ಅಂದ್ಕೊಂಡೋರು. ಗೆದ್ದ ಕಾರಿನ ಹೊಟ್ಟೆ ಬಿಚ್ಚಲೇಬೇಕು ಅಂತ ಹಟ ಹಿಡಿದಿದ್ದು ಯಾರು? ಹಿಂದೆ ಯಾವತ್ತಾದ್ರೂ ಬಿಚ್ಚಿದ್ದುಂಟಾ, ಬರ್ನಾರ್ಡ್?"

"ಇಲ್ಲ. ಕ್ಲೈವೇ ಹೇಳಿದ್ದು, ಇವತ್ತೇ ಮೊದಲು."

"ಬರೀ ಊಹೆ!" ಕ್ಲೈವ್ ಅರಚಿದ.

"ಇರಬಹುದು. ಟ್ರೆವರ್, ಇವು ಅಂಗಡೀಲಿ ಬಿಡಿಬಿಡಿಯಾಗಿ ಸಿಗತ್ತಾ?"

"ಇಲ್ಲಮ್ಮ, ಜೋಡಿ."

"ಹಾಗಾದ್ರೆ, ಕ್ಲೈವ್, ಸ್ವಲ್ಪ ಜೇಬು ತೋರಿಸ್ತೀರಾ?"

ಅವನು ಮಿಸುಕಲಿಲ್ಲ. ಪಕ್ಕದಲ್ಲಿದ್ದ ಟ್ರೆವರ್ ಕೇಳದೆಯೇ ಅವನ ಕೋಟಿನ ಜೇಬಿಗೆ ಕೈ ಹಾಕಿ ಕೀಗೊಂಚಲು ಎಳೆದ. ಗೊಂಚಲಿನ ಉಕ್ಕಿನ ಬಳೆಗೆ ಎರಡನೆಯ ಅಯಸ್ಕಾಂತ ಕಚ್ಚಿಕೊಂಡು ಬಂತು. ಅಯಸ್ಕಾಂತದ ಸಹವಾಸವಿದ್ದ ಯಾರೂ ಅದನ್ನು ಕೀ ಜೊತೆ ಇಟ್ಟುಕೊಳ್ಳುತ್ತಿರಲಿಲ್ಲ. ಇಷ್ಟು ಪೆದ್ದ ಕಳ್ಳನನ್ನು ಗ್ವೆನ್ ಕೆಲಸದಲ್ಲಿದ್ದಾಗಲೂ ಹಿಡಿದಿರಲಿಲ್ಲ. ಅವಳಿಗೆ ಗೆದ್ದೆ ಎನಿಸಲಿಲ್ಲ, ಹೇಸಿಗೆಯಾಯಿತು.

ಲಿನೆಟ್ ಮುಂದೆ ಬಂದಳು. "ಅಯಸ್ಕಾಂತ ಕೀಳೋದು ನನಗೆ ಕಲಿಸಿದ್ದೇ ನೀವು. ಸೀಸ ಎಲ್ಲಿ ಅಂಟಿಸ್ಬೇಕು, ಟೈರ್ ಹೇಗೆ ಉಜ್ಜಬೇಕು, ಎಲ್ಲಾನೂ ಪಕ್ಕದಲ್ಲೇ ಕೂತು ತೋರಿಸಿದ್ರಿ. ಆಮೇಲೆ ಯಾಕೆ ಹೀಗೆ?"

ಕ್ಲೈವ್ ಅವಳನ್ನು ನೋಡಲಿಲ್ಲ. "ಕಲಿಸಿದ್ದು ನನ್ನ ಹಿಂದೆ ಓಡಲಿ ಅಂತ."

"ಹಾಗಿದ್ರೆ ಇಷ್ಟು ಚೆನ್ನಾಗಿ ಕಲಿಸ್ಬಾರದಿತ್ತು," ಎಂದಳು ಲಿನೆಟ್. ಅವನ ಕೈಯಿಂದ ಕಾರನ್ನು ತೆಗೆದುಕೊಂಡು, ಅವನು ಬಿಚ್ಚಿದ್ದ ತಿರುಪುಗಳನ್ನು ಒಂದೊಂದಾಗಿ ಹಾಕತೊಡಗಿದಳು. ಕೊನೆಯ ತಿರುಪನ್ನು ಪೂರ್ತಿ ಬಿಗಿಯದೆ, ಅವನು ಕಲಿಸಿದ ಹಾಗೆಯೇ, ತುಸು ಸಡಿಲ ಬಿಟ್ಟಳು.