ಬಿಲ್ವದ ಸುತ್ತಳತೆ

ಇವತ್ತೂ ಅಮರ ಒಂದು ಹೊಸ ಪ್ರಶ್ನೆ ಇಟ್ಟುಕೊಂಡೇ ಕಾದಿದ್ದ.

"ಮೇಡಂ, ನವಿಲು ಬಂದ್ರ ಅದನ್ನೂ ಕಾರ್ಬನ್ ಲೆಕ್ಕಕ್ಕ ಹಿಡೀತಾರೇನ್ರಿ?"

ಜಯಮಾಲಾಗೆ ನಗು ಬರಲಿಲ್ಲ. ಸಟಾಣಾ ಊರಿನ ಸುತ್ತಲ ರೈತರನ್ನು, ಮರಗಳು ಹೀರಿಕೊಳ್ಳುವ ಕಾರ್ಬನ್ ಲೆಕ್ಕ ಹಾಕಿ ಹಣ ಕೊಡುವ ಗಿಡ ನೆಡುವ ಯೋಜನೆಗೆ ಸೇರಿಸುವುದು ಅವಳ ಕೆಲಸ. ತುಕಾರಾಮ ಕಾಕಾ ದಾಳಿಂಬೆಗೆ ಬೀಸುವ ಗಾಳಿ ತಡೆಯಲೆಂದು ಸೇರಿದ್ದರು. ಮಂಗಲಾತಾಯಿ ಜೇನುನೊಣ ತಿರುಗಿ ಬರಲೆಂದು. ಇವನಿಗೆ ಬೇಕಾದ್ದೇನು ಎಂಬುದು ಮಾತ್ರ ಚಳಿಗಾಲ ಕಳೆದರೂ ತಿಳಿದಿರಲಿಲ್ಲ. ಪ್ರತಿ ಸಲವೂ ಒಂದು ಪ್ರಶ್ನೆ, ಒಂದು ಚಹಾ, ಆಮೇಲೆ "ವಿಚಾರ ಮಾಡ್ತೀನ್ರಿ."

ಆ ಇಬ್ಬರ ಹೊಲಗಳ ನಡುವಿನ ಗುಡ್ಡದಂಚು ಅಮರನದು. ಇವನು ಒಲ್ಲೆ ಎಂದರೆ ಗಿಡಗಳ ಸಾಲು ನಡುವೆಯೇ ತುಂಡಾಗಿ ಇಲ್ಲಿಯ ಯೋಜನೆಯೇ ನಿಲ್ಲುತ್ತದೆ, ಅವಳು ಸಂಭಾಜಿನಗರದ ಕಚೇರಿಗೆ ಹಿಂದಿರುಗಬೇಕು. ಉತ್ತರ ಕೊಡಲು ಇಂದೇ ಕೊನೆಯ ದಿನ.

ಅಮರನ ತಾಯಿ ಮಲ್ಲಮ್ಮ ಚಹಾ ತಂದಿಟ್ಟರು. "ನನಗಂತೂ ಬಿಲ್ವದ ಗಿಡ ಬೇಕವ್ವ. ಸೋಮವಾರದ ಪೂಜಿಗೆ ಪತ್ರಿ ಅಷ್ಟು ದೂರದ ಪಂಚವಟಿಯಿಂದ ಯಾರ್ಯಾರ ಕೈಲಿ ತರಿಸೋದು ಸಾಕಾಗ್ಯಾದ. ಇವ ಒಪ್ಪವಲ್ಲ." ಇಬ್ಬರನ್ನೂ ಒಮ್ಮೆ ನೋಡಿ ಒಳಗೆ ಹೋದರು.

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಜಯಮಾಲಾ ಕೇಳಿಯೇಬಿಟ್ಟಳು.

ಅಮರನ ಕಿವಿ ಕೆಂಪಾದವು. ಅವನು ಚಹಾದ ಲೋಟದೊಳಗೇ ನೋಡುತ್ತ ಹೇಳಿದ, "ಸಹಿ ಮಾಡಿದ್ರ ನಿಮ್ಮ ಕೆಲಸ ಮುಗೀತದ. ಆಮ್ಯಾಲ ಈ ಕಡೆ ಯಾಕ ಬರ್ತೀರಿ?"

ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಮೆಲ್ಲಗೆ ಇಳಿಯಿತು. ಈಗ ಅವಳಿಗೆ ನಗು ಬಂತು.

"ಸಹಿ ಆದಮ್ಯಾಲೇ ಕೆಲಸ ಶುರು ಆಗೋದ್ರಿ. ವರ್ಷಾ ವರ್ಷಾ ಬಂದು ಗಿಡದ ಸುತ್ತಳತೆ ತಗೋಬೇಕು."

"ಯಾರು?"

"ನಾನೇ."

"ಎಲ್ಲೀತನಕ?"

"ಮೂವತ್ತು ವರ್ಷ."

ಅವನು ಒಪ್ಪಂದದ ಕಾಗದದ ಮೇಲಿದ್ದ ಪೆನ್ನಿಗೆ ಕೈ ಚಾಚಿದ. ಅವಳು ಪೆನ್ನನ್ನು ಹಿಂದೆ ಸರಿಸಿದಳು.

"ನನ್ನ ಸಲುವಾಗಿ ಸೇರೋದಾದ್ರ ಬ್ಯಾಡ್ರಿ. ಜಗಳ ಆದ ದಿನ ಕೊಡಲಿ ಹಿಡೀತೀರಿ."

ಅಮರ ಬರಿದಾದ ಗುಡ್ಡದಂಚನ್ನು ನೋಡಿದ. ಆಮೇಲೆ, ಮೊದಲ ಬಾರಿಗೆ, ಅವಳನ್ನು ನೇರವಾಗಿ ನೋಡಿದ.

"ಗಿಡ ಅವ್ವನ ಸಲುವಾಗಿ. ಬಿಲ್ವಕ್ಕ ನಮ್ಮ ಮನ್ಯಾಗ ಯಾರೂ ಕೊಡಲಿ ಎತ್ತಂಗಿಲ್ಲ. ತಡ ಮಾಡಿದ್ದಷ್ಟೇ ನಿಮ್ಮ ಸಲುವಾಗಿ."

ಅವಳು ಪೆನ್ನು ಕೊಟ್ಟಳು. ಬೆರಳು ತಾಕಿದವು. ಇಬ್ಬರಿಗೂ ಹಿಂದೆಗೆಯುವ ಅವಸರವಿರಲಿಲ್ಲ.

"ವರ್ಷಕ್ಕೊಮ್ಮೆ ಅಂದ್ರ ಭಾಳ ಕಡಿಮಿ ಆಯ್ತು," ಎಂದ ಅಮರ.

ಒಳಗಿನಿಂದ ಮಲ್ಲಮ್ಮನ ದನಿ ಬಂತು. "ಜಯಮಾಲಾ, ಆ ಅಳತಿ ಟೇಪು ಇಲ್ಲೇ ಬಿಟ್ಟು ಹೋಗವ್ವ. ದಿನಾ ಹೊತ್ಕೊಂಡು ತಿರುಗೋದ್ಯಾಕ?"

ಜಯಮಾಲಾ ಚೀಲದಿಂದ ಟೇಪು ತೆಗೆದು, ಬಾಗಿಲ ಪಕ್ಕದ ಗೂಟಕ್ಕೆ, ಅಮರನ ಟೋಪಿಯ ಮೇಲೆ ತೂಗುಹಾಕಿದಳು.