ಮುಂದಕ್ಕೆ ಸರಿದ ಸೀಟು

"ಮೊಣಕಾಲು ತಾಗ್ತಿದ್ಯಾ ಮೇಡಂ?"

ಕನ್ನಡಿಯಲ್ಲಿ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ಟೇಪು ಹಿಡಿದು ಕುಳಿತವಳು, "ತಾಗಿದ್ರೆ ತಾಗ್ಲಿ ಬಿಡಿ. ಅದನ್ನ ಅಳೆಯೋಕೇ ತಾನೇ ನಂಗೆ ಸಂಬಳ" ಎಂದಳು.

"ಅಷ್ಟು ಕಲ್ಲು ಮನಸ್ಸು ನಂಗಿಲ್ಲಪ್ಪ."

ಅವನು ಸೀಟಿನ ಕೆಳಗೆ ಕೈಹಾಕಿ ಸರಳು ಎತ್ತಿದ. ಕಟ್, ಕಟ್. ಸೀಟು ಎರಡು ಹಲ್ಲು ಮುಂದೆ ಸರಿಯಿತು. ಆರಡಿಯ ಆಳು ಸ್ಟೇರಿಂಗಿಗೆ ಎದೆಯೊತ್ತಿಕೊಂಡು ಮುದುಡಿ ಕುಳಿತ. "ಈಗ?"

ಅವಳು ನಕ್ಕಳು. ಕನ್ನಡಿಯೊಳಗಿನ ಕಣ್ಣೂ ನಕ್ಕಿತು. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಟೇಪು ಮೂರೂವರೆ ಇಂಚು ತೋರಿಸಿತು.

ಸಣ್ಣ ಸಂಸಾರಕ್ಕೆ ತಕ್ಕ ಸಣ್ಣ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಯಾವುದರೊಳಗೆ ಎಷ್ಟು ಜಾಗ, ಯಾವ ಸೀಟು ಬೆನ್ನಿಗೆ ಹಿತ ಎಂದು ತೂಗಿ ಹೇಳುವ ಮಾಸಪತ್ರಿಕೆ ಅದು. ಓಡಿಸಿ ಬರೆಯುವವನು ಅವನು. ಕಚೇರಿಗೆಲ್ಲ 'ಸಾರಥಿ'. ಹಿಂದೆ ಕುಳಿತು ಅಳೆಯುವವಳು ಇವಳು. ಕಚೇರಿಗೆಲ್ಲ 'ಟೇಪಮ್ಮ'. ಅಳತೆಯ ನಿಯಮ ಒಂದೇ: ಓಡಿಸುವವನು ತನಗೆ ಆರಾಮಾಗುವಷ್ಟು ಸೀಟನ್ನು ಹಿಂದಕ್ಕೆ ತಳ್ಳಿಕೊಳ್ಳಬೇಕು. ಆಮೇಲೆ ಹಿಂದಿನವರಿಗೆ ಏನು ಉಳಿಯಿತೋ ಅದನ್ನು ಬರೆಯಬೇಕು.

ಮನೆಗಳಲ್ಲೂ ಇದೇ ನಿಯಮ ನಡೆದುಬಂದಿದೆ, ಬರೆದಿಟ್ಟವರಿಲ್ಲ ಅಷ್ಟೆ. ಒಂದೇ ಮಂಚದಲ್ಲಿ ಮೂವರು ಒಡಹುಟ್ಟಿದವರ ನಡುವೆ ಒತ್ತಿಕೊಂಡು ಬೆಳೆದವಳು ಅವಳು. 'ಸ್ವಲ್ಪ ಸರ್ಕೊಳ್ಳೇ' ಎಂಬ ಮಾತನ್ನು ತನ್ನ ಹೆಸರಿಗಿಂತ ಹೆಚ್ಚು ಸಲ ಕೇಳಿದವಳು. ಅವಳಿಗಾಗಿ ಯಾರೂ ಸರಿದವರಲ್ಲ. ಇವನು ಸರಿದಿದ್ದ.

ಅಳತೆ ತಪ್ಪೆಂದು ಅವಳಿಗೆ ಗೊತ್ತಿತ್ತು. ಎರಡು ಹಲ್ಲಿಗೆ ಯಾರ ಮನೆ ಮುಳುಗುತ್ತದೆ ಎಂದುಕೊಂಡು ಮೂರೂವರೆ ಎಂದೇ ಬರೆದಳು. ಹಾಳೆಯ ಮೂಲೆಯಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದಾಗಿ, ಒಂದು ಕೆಂಪು ಚುಕ್ಕೆ ಇಟ್ಟಳು.

ವರ್ಷದಲ್ಲಿ ಅಂಥ ಚುಕ್ಕೆ ಏಳಾದವು. ಕೆಲವು ದಿನ ಅವನು ಸೀಟು ಸರಿಸುತ್ತಿರಲಿಲ್ಲ. ಮೊಣಕಾಲು ಒರಸಿ ಕೆಂಪಾಗುತ್ತಿತ್ತು. ಇವತ್ತು ನನ್ನ ಮೇಲೆ ಮುನಿಸೇನೋ ಎಂದು ಅವಳು ಇಡೀ ದಿನ ತನ್ನ ಮಾತುಗಳನ್ನೆಲ್ಲ ತಿರುವಿ ಹಾಕುತ್ತಿದ್ದಳು. ಮರುದಿನ ಅವನು ಮೇಜಿನ ಅಂಚಿಗೆ ಬಂದು, "ಟೇಪಮ್ಮನವರೇ, ಒಬ್ಬ ಮನುಷ್ಯನ ಹೃದಯ ಎಷ್ಟು ಇಂಚು ಇರುತ್ತೆ?" ಎಂದರೆ ಎಲ್ಲ ಮರೆತುಹೋಗುತ್ತಿತ್ತು.

"ನಿಮ್ಮದಾ? ಸರಿಯಾಗಿ ನೋಡಬೇಕು. ಟೇಪಿಗೆ ಸಿಗುತ್ತೋ ಇಲ್ವೋ."

"ಅಳೆದು ಹೇಳಿ. ಕಾಯ್ತೀನಿ."

ಅವನು ಕಾಯುತ್ತಾನೆಂದು ಅವಳು ನಂಬಿದಳು.

ಅಕ್ಕ ಹೊಸ ಕಾರು ಕೊಂಡದ್ದು ಇವಳ ಮಾತು ಕೇಳಿಯೇ. ಭಾವ ಆರಡಿಯ ಮನುಷ್ಯ. ಅಕ್ಕನ ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ, ಎಡಗಾಲು ಪೂರ್ತಿ ಮಡಚುವಂತಿರಲಿಲ್ಲ. "ನೀಲಿದು ತಗೋ ಅಕ್ಕ, ಮೂರೂವರೆ ಇಂಚು ಬಿಡುವಿದೆ, ನಾನೇ ಅಳೆದಿದ್ದೀನಿ" ಎಂದಿದ್ದಳು. ವಾರ ಕಳೆಯುವುದರೊಳಗೆ ಅಕ್ಕನ ಫೋನು ಬಂತು.

"ಏನೇ ನಿನ್ನ ಅಳತೆ? ಅತ್ತೆ ಕಾಲು ತೂರ್ಸೋಕೇ ಆಗ್ತಿಲ್ಲ. ಬಂದು ನೋಡು ಒಂದ್ಸಲ."

ಹೋದಳು. ಮುದುಕಿ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕುಳಿತು, ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟುಕೊಂಡು ತುಟಿ ಕಚ್ಚಿದ್ದಳು. ಇವಳನ್ನು ಕಂಡದ್ದೇ, "ಕಾರು ಚೆನ್ನಾಗಿದೆ ಕಣಮ್ಮ, ನನ್ನ ಕಾಲೇ ಹೆಚ್ಚಾಯ್ತು" ಎಂದು ಕ್ಷಮೆ ಕೇಳುವ ದನಿಯಲ್ಲಿ ಹೇಳಿದಳು.

ಕಂಪನಿಯ ಬಣ್ಣದ ಪುಸ್ತಕದಲ್ಲಿ ಹಲ್ಲು ಬಿಡುವ ಕುಟುಂಬಕ್ಕೆ ಮೊಣಕಾಲೇ ಇರುವುದಿಲ್ಲ. ಮೊಣಕಾಲಿರುವ ಮುದುಕಿಯೇ ಕೊನೆಗೆ ತಪ್ಪೊಪ್ಪಿಕೊಳ್ಳಬೇಕು.

ಭಾವನನ್ನು ಮುಂದೆ ಕೂರಿಸಿ, ಅವಳು ಹಿಂದೆ ಕುಳಿತು ಟೇಪು ಹಿಡಿದಳು. ಒಂದೂವರೆ ಇಂಚಷ್ಟೇ ಇತ್ತು.

ಮರುದಿನ ಕಚೇರಿಯ ಕಪಾಟಿನಿಂದ ವರ್ಷದ ಹಾಳೆಗಳನ್ನೆಲ್ಲ ತೆಗೆದು ಹರವಿದಳು. ಚುಕ್ಕೆ ಇದ್ದವು ಒಂದು ಕಡೆ, ಇಲ್ಲದವು ಒಂದು ಕಡೆ. ಏಳು ಚುಕ್ಕೆ. ಏಳೂ ಒಂದೇ ಕಂಪನಿಯ ಕಾರುಗಳು. ಪತ್ರಿಕೆಯ ಹಿಂಬದಿಯ ಪುಟದಲ್ಲಿ ತಿಂಗಳು ತಪ್ಪದೆ ಜಾಹೀರಾತಾಗಿ ಹೊಳೆಯುವ ಕಂಪನಿ. ಅವನು ಮುನಿಸಿಕೊಂಡಿದ್ದಾನೆಂದು ಅವಳು ಕೊರಗಿದ ದಿನಗಳೆಲ್ಲ ಬೇರೆ ಕಂಪನಿಯ ಕಾರುಗಳ ದಿನಗಳು. ಅವಳ ಪ್ರೀತಿಯ ಗುರುತುಗಳು ಸಾಲಾಗಿ ನಿಂತು ಸಾಕ್ಷಿ ಹೇಳಿದವು.

ಅವನು ಅಂಗಳದಲ್ಲಿ ಬೇರೆ ಕಂಪನಿಯ ಬಿಳಿ ಕಾರಿನೊಳಗೆ ಕುಳಿತು ಏನೋ ಬರೆದುಕೊಳ್ಳುತ್ತಿದ್ದ. ಹೋಗಿ ಹಿಂದೆ ಕುಳಿತಳು. ಮೊಣಕಾಲು ಸೀಟಿಗೆ ತಾಗಿತು.

"ಅಂದು ನೀಲಿ ಕಾರಲ್ಲಿ ಸೀಟು ಯಾಕೆ ಸರಿಸಿದ್ರಿ?"

ಕನ್ನಡಿಯಲ್ಲಿ ಕಣ್ಣು ಮೇಲೆದ್ದಿತು. "ನಿಮಗೋಸ್ಕರ. ಇನ್ಯಾರಿಗೆ?"

"ಈ ಕಾರಲ್ಲೂ ನಾನೇ ಕೂತಿರೋದು. ಸರಿಸಿ."

ಅವನ ಕೈ ಸರಳಿನವರೆಗೆ ಹೋಗಿ ನಿಂತಿತು. ಅವಳು ಹಾಳೆಗಳನ್ನು ಅವನ ಭುಜದ ಮೇಲಿಂದ ಮುಂದಕ್ಕೆ ಹಾಕಿದಳು. ಅವನು ಚುಕ್ಕೆಗಳನ್ನು ನೋಡಿದ. ಅವು ಏನು ಹೇಳುತ್ತಿವೆ ಎಂದು ಓದಲು ಬರುತ್ತಿತ್ತು ಅವನಿಗೆ.

"ಹಾಗೆ ಮಾಡು ಅಂತ ಆ ಕಂಪನಿಯವರು ಹೇಳಿದ್ರು. ಶುರುವಾಗಿದ್ದು ಅದಕ್ಕೇ, ಸುಳ್ಳು ಹೇಳಲ್ಲ. ಆದ್ರೆ ನೀನು ನಕ್ಕೆ. ಆಮೇಲಾಮೇಲೆ ಆ ನಗು ನೋಡೋಕೇ ಸರಿಸ್ತಿದ್ದೆ." ಮೊದಲ ಸಲ 'ನೀನು' ಎಂದಿದ್ದ. ಅದಕ್ಕಾಗಿ ಅವಳು ಒಂದು ವರ್ಷ ಕಾದಿದ್ದಳು.

"ಈ ಬಿಳಿ ಕಾರಲ್ಲಿ ನನ್ನ ನಗು ಬೇಡ್ವಾ?"

ಅವನು ಹಾಳೆಗಳನ್ನು ಮಡಚಿ ಪಕ್ಕದ ಸೀಟಿನಲ್ಲಿಟ್ಟ. ಅವಳು ಚೀಲದಿಂದ ಹೊಸ ಹಾಳೆ ತೆಗೆದಳು. ಏಳೂ ಕಾರುಗಳ ಅಳತೆ ಹೇಗೆ ತಪ್ಪಿತು, ಯಾರು ಸರಿಸಿದರು, ಯಾರು ಗೊತ್ತಿದ್ದೂ ಬರೆದರು ಎಂದೆಲ್ಲ ಅದರಲ್ಲಿತ್ತು. ಕೆಳಗೆ ಅವಳ ಸಹಿ, ಪಕ್ಕದಲ್ಲಿ ಖಾಲಿ ಜಾಗ.

"ಸಂಪಾದಕರಿಗೆ ಕೊಡ್ತೀನಿ. ಇಬ್ಬರದೂ ತಪ್ಪು, ಇಬ್ಬರೂ ಸಹಿ ಹಾಕೋಣ. ಆಮೇಲೆ ಕೆಲಸ ಹೋದ್ರೆ ಹೋಗ್ಲಿ, ಎಲ್ಲಿಗೆ ಕರೆದರೂ ಬರ್ತೀನಿ."

ಅವನು ಪೂರ್ತಿ ಹಿಂದಕ್ಕೆ ತಿರುಗಿದ. ಕನ್ನಡಿಯಿಲ್ಲದೆ ಅವನ ಮುಖವನ್ನು ಅಷ್ಟು ಹತ್ತಿರದಿಂದ ಅವಳು ಕಂಡದ್ದು ಕಡಿಮೆ. ಕಣ್ಣಿನಲ್ಲಿ ನೀರಿತ್ತು.

"ಹುಚ್ಚಿ, ನಾನು ನಿನ್ನ ಮದುವೆ ಆಗ್ತೀನಿ. ಈ ತಿಂಗಳೇ ಆಗ್ತೀನಿ. ಇದನ್ನ ಹರಿದು ಹಾಕು. ಎರಡು ಇಂಚು ಕಣೇ! ಅಷ್ಟಕ್ಕೆ ಯಾರಾದ್ರೂ ಬದುಕು ಹಾಳು ಮಾಡ್ಕೋತಾರಾ?"

ಆ ಕಣ್ಣೀರು ನಿಜವಾದದ್ದು. ಅದು ಸುಳ್ಳಾಗಿದ್ದರೆ ಅವಳಿಗೆ ಎಷ್ಟು ಸುಲಭವಾಗುತ್ತಿತ್ತು. ಬೇಕು ಎಂದು ಮೈಯೆಲ್ಲ ಕೂಗುತ್ತಿತ್ತು. ಆದರೆ ಇಂದು ಹರಿದರೆ, ನಾಳೆ ಅವನ ಮನೆಯಲ್ಲಿ ಯಾರ ನೋವಿಗೂ 'ಎರಡೇ ಇಂಚು' ಎನ್ನಲು ಅವಳೂ ಕಲಿಯಬೇಕಿತ್ತು.

"ಆ ಎರಡು ಇಂಚಿಗೆ ಒಬ್ಬರು ಕ್ಷಮೆ ಕೇಳ್ತಾ ಕೂತಿದ್ದಾರೆ" ಎಂದು ಪೆನ್ನು ಮುಂದೆ ಹಿಡಿದಳು.

ಅವನು ಪೆನ್ನು ತೆಗೆದುಕೊಂಡ. ಮುಚ್ಚಳ ತೆಗೆದ. ಖಾಲಿ ಜಾಗವನ್ನು ಬಹಳ ಹೊತ್ತು ನೋಡಿ, ಮುಚ್ಚಳ ಹಾಕಿ, ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ನಾಳೆ ಮಾತಾಡೋಣ."

ಅವನು ಅವಳ ಕೈ ಹಿಡಿದದ್ದು ಅದೇ ಮೊದಲು.

ಅವಳು ಇಳಿದು ಸಂಪಾದಕರ ಕೋಣೆಯತ್ತ ಮೆಟ್ಟಿಲು ಹತ್ತಿದಳು. ಮೂರನೆಯ ಮೆಟ್ಟಿಲಲ್ಲಿ ನಿಂತಳು. ಹಿಂದೆ ಹೆಜ್ಜೆಯ ಸದ್ದಾದರೆ ಇಬ್ಬರೂ ಜೊತೆಗೇ ಒಳಗೆ ಹೋಗಬಹುದಿತ್ತು. ಯಾರೋ ಇಳಿದು ಬಂದರು, ದಾರಿ ಬಿಟ್ಟಳು. ಮತ್ತೂ ಸ್ವಲ್ಪ ಕಾದಳು.

ಆಮೇಲೆ ಹೋಗಿ ಬಾಗಿಲು ತಟ್ಟಿದಳು.

"ಯಾರು?" ಎಂದರು ಒಳಗಿನಿಂದ.

"ನಾನು ಸರ್" ಎಂದಳು. "ಒಬ್ಬಳೇ."