ಅಮ್ಮನಿಗೆ ಇಲ್ಲದ ಜ್ವರ

"ಹಿಡ್ಕೊಳ್ಳಿ. ಇದಕ್ಕೇ ಹೊಸ ಗಾಜು ಕೂರಿಸಿ ತೋರಿಸಿ."

ಅವನು ತಾನು ಹಾಕಿಕೊಂಡಿದ್ದ ಕನ್ನಡಕವನ್ನೇ ತೆಗೆದು ಅವಳ ಅಂಗೈ ಮೇಲಿಟ್ಟ. ಅದರ ಕಡ್ಡಿಗಳು ಇನ್ನೂ ಬೆಚ್ಚಗಿದ್ದವು!

"ನಿಮ್ಮದನ್ನೇನಾ? ತಪ್ಪಾದ್ರೆ?"

"ಗೋಡೆ ಹಿಡ್ಕೊಂಡು ಮನೆಗೆ ಹೋಗ್ತೀನಿ. ಆ ಪಾಪ ನಿಮಗೇ ಇರಲಿ."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡು, ಜೊತೆಗೆ ತಂದಿದ್ದ ಸಾಣೆಕಲ್ಲಿನ ಮೇಲೆ ಗಾಜಿನ ಅಂಚು ತೀಡತೊಡಗಿದಳು. ಕನ್ನಡಕವಿಲ್ಲದೆ ಅವನಿಗೆ ಎದುರಿನ ಮುಖ ಬರೀ ಮಸುಕು ಎಂಬುದು ಆ ಗಾಜಿನ ದಪ್ಪ ನೋಡಿಯೇ ಅವಳಿಗೆ ಗೊತ್ತಾಗಿತ್ತು. ಆ ಧೈರ್ಯದ ಮೇಲೆ ನಡುನಡುವೆ ತಲೆ ಎತ್ತಿ ಅವನನ್ನು ನೋಡಿದಳು. ಮೊದಲ ಸಲ... ಕಣ್ತುಂಬ.

ಇದು ಅವನ ಅಂಗಡಿ, ಬೀದಿಯ ಆಚೆ ತುದಿಯ ಹೊಸ ಕನ್ನಡಕದ ಅಂಗಡಿ. ಗಾಜು ತೀಡುವ ಮಿಷಿನ್ ಇಲ್ಲದ್ದರಿಂದ ಇಷ್ಟು ದಿನ ಅವಳು ಕೆಲಸ ಮಾಡುವ ಹಳೇ ಅಂಗಡಿಗೇ ಬಂದು ಗಾಜು ತೀಡಿಸಿಕೊಂಡು ಹೋಗುತ್ತಿದ್ದ. ಹಾಗೆ ಬಂದಾಗ ಕೌಂಟರಿಗೆ ಒರಗಿ ಏನಾದರೊಂದು ತಮಾಷೆ ಮಾಡುತ್ತಿದ್ದ. ಅವನು ಹೋದ ಮೇಲೂ ಅವಳು ಒಬ್ಬಳೇ ನಗುತ್ತಿದ್ದಳು.

ಈಗ ಅವನು ಸ್ವಂತ ಮಿಷಿನ್ ತರಿಸುತ್ತಿದ್ದಾನೆ. ಅದನ್ನು ನಡೆಸುವವರು ಬೇಕು ಎಂದು ಅವಳನ್ನೇ ಕೇಳಿದ್ದ. ಇವತ್ತಿನದು ಅವಳ ಕೈಕೆಲಸದ ಪರೀಕ್ಷೆ.

ಹೊಸ ಗಾಜಿನ ಕನ್ನಡಕ ಹಾಕಿಕೊಂಡು ಅವನು ಸುತ್ತ ನೋಡಿದ. ಆಮೇಲೆ ಅವಳನ್ನು ನೋಡಿದ.

"ಸೋಮವಾರದಿಂದ ಬನ್ನಿ! ಆದ್ರೆ ಒಂದು ಮಾತು. ನಿಮ್ಮ ಅಂಗಡಿ ಯಜಮಾನ್ರಿಗೆ ಗೊತ್ತು ತಾನೇ? ಅವರ ಬೆನ್ನ ಹಿಂದೆ ಮಾಡಿದ್ದು ಅಂತ ಆಗಬಾರದು."

"ಗೊತ್ತು... ಅವರೇ ಹೋಗಿ ಬಾ ಅಂದ್ರು."

ಹೇಳಿದ ಮರುಕ್ಷಣ ಅವಳ ಕಿವಿ ಬಿಸಿಯಾಯಿತು. 'ಇದೂ ಸುಳ್ಳು! ಅಮ್ಮನಿಗೆ ಜ್ವರ ಅಂತ ರಜೆ ಹಾಕಿದ್ದೂ ಸುಳ್ಳು! ಎಂದಿನಿಂದ ಹೀಗಾದೆ ನಾನು?'

* * *

ಮನೆಯ ಬಾಗಿಲಲ್ಲಿ ಯಜಮಾನರ ಚಪ್ಪಲಿ ಕಂಡಾಗ ಅವಳ ಕಾಲುಗಳು ಅಲ್ಲೇ ನಿಂತುಬಿಟ್ಟವು.

ಒಳಗೆ ಯಜಮಾನರು ಬ್ರೆಡ್ಡು, ಮೂಸಂಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಜ್ವರದ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು ಫ್ಯಾನಿನ ಧೂಳು ಒರೆಸುತ್ತಿದ್ದಳು!

"ಬಂದ್ಯಾ? ನೋಡೇ ಇವರನ್ನ! ಗುಂಡುಕಲ್ಲಿನ ಹಾಗಿರೋ ನಂಗೆ ಬ್ರೆಡ್ಡು ತಂದಿದ್ದಾರೆ. ಯಾರೋ ಜ್ವರ ಅಂದ್ರಂತೆ!"

ಯಾರೋ ಎಂದರೆ ಯಾರು ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಹೈಸ್ಕೂಲು ಮುಗಿಸಿ ಗಾಜು ಒರೆಸಲು ಸೇರಿದವಳಿಗೆ ಕೆಲಸ ಕಲಿಸಿದವರು ಯಜಮಾನರು. ಸಂಜೆ ಕಾಲೇಜಿಗೆ ಹೊತ್ತಾಗಬಾರದೆಂದು ದಿನವೂ ಬೇಗ ಕಳಿಸಿ, ಉಳಿದ ಕೆಲಸ ತಾವೇ ಮಾಡಿದವರು. ಈಗ ಅವಳ ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದರೂ ಅವರ ಬಾಯಲ್ಲಿ ಅವಳು ಇನ್ನೂ 'ಹುಡುಗಿ'.

ಬೈದಿದ್ದರೆ ಚೆನ್ನಾಗಿತ್ತು. ಯಜಮಾನರು ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಹುಷಾರಾಗಿದ್ದೀರಲ್ಲ, ಅಷ್ಟು ಸಾಕು ತಾಯಿ." ಅವಳ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅಲ್ವೇ, ರಜೆ ಬೇಕಾದ್ರೆ ನಿಂಗೇ ಜ್ವರ ಬರಿಸ್ಕೋಬಾರದಿತ್ತಾ?" ಅಮ್ಮ ಸ್ಟೂಲಿನಿಂದ ಇಳಿಯುತ್ತ ಗದರಿದಳು. "ನನ್ನ ಮೈ ಏನು ಬಿಟ್ಟಿ ಬಿದ್ದಿದೆಯಾ?"

ಅವಳು ನಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

* * *

ಮರುದಿನ ಯಜಮಾನರು ಏನೂ ಆಗದವರಂತೆ "ಬಾ ಹುಡುಗಿ" ಎಂದರು. ಅದೇ ಅವಳನ್ನು ಇನ್ನಷ್ಟು ಸುಟ್ಟಿತು. ಕೈ ಕೆಲಸದಲ್ಲಿತ್ತು, ಮನಸ್ಸು ಇರಲಿಲ್ಲ.

ಸೊಸೆಯ ಜೊತೆ ಕನ್ನಡಕಕ್ಕೆ ಕಾದು ಕೂತಿದ್ದ ಅಜ್ಜಿ ಅದನ್ನು ಹಾಕಿಕೊಂಡು ಎರಡು ಹೆಜ್ಜೆ ಇಟ್ಟು ಗೋಡೆ ಹಿಡಿದುಕೊಂಡಿತು.

"ಇದೇನಮ್ಮ, ನೆಲವೆಲ್ಲ ಇಳಿಜಾರು! ನನ್ನ ಸೊಸೆ ಕೂಡ ಓರೆಯಾಗಿ ಕಾಣ್ತಾಳೆ... ಅವಳು ಮೊದಲೂ ಹಾಗೇ ಬಿಡು."

ಅವಳು ಗಾಜನ್ನು ತುಸು ತಿರುಗಿಸಿ ಕೂರಿಸಿಬಿಟ್ಟಿದ್ದಳು. ಒಂದೇ ಕೋನದಲ್ಲಿ ಕೂರಬೇಕಾದ ಅಂಥ ಗಾಜು ಕೂದಲೆಳೆಯಷ್ಟು ತಿರುಗಿದರೂ ನೆಲ ವಾಲುತ್ತದೆ ಎಂಬುದು ಯಜಮಾನರು ಅವಳಿಗೆ ಕಲಿಸಿದ ಮೊದಲ ಪಾಠ.

"ನನ್ನ ತಪ್ಪು ಅಜ್ಜಿ, ಸರಿ ಮಾಡ್ಕೊಡ್ತೀನಿ" ಎಂದು ಯಜಮಾನರೇ ಅದನ್ನು ಕೈಗೆ ತೆಗೆದುಕೊಂಡರು.

ಸರಿಯಾಗಿ ಅದೇ ಹೊತ್ತಿಗೆ ಅವನು ಒಳಗೆ ಬಂದ! ಮುಖದ ತುಂಬ ನಗು.

"ಯಜಮಾನ್ರೇ, ನಿಮ್ಮದು ದೊಡ್ಡ ಮನಸ್ಸು. ಇವರನ್ನ ನೀವೇ ನಮ್ಮ ಅಂಗಡಿಗೆ ಕಳಿಸಿಕೊಟ್ರಲ್ಲ, ನಾನಾಗಿದ್ರೆ ಬಿಟ್ಟುಕೊಡ್ತಿರಲಿಲ್ಲ!"

ಯಜಮಾನರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಅವಳು ತಲೆ ಎತ್ತಲಿಲ್ಲ. ಅವನು ಇಬ್ಬರ ಮುಖವನ್ನೂ ನೋಡಿದ. ನಗು ಮೆಲ್ಲಗೆ ಆರಿತು.

"ಹೇಳಿರಲಿಲ್ವಾ ನೀವು? ನನ್ನನ್ನ ಕಳ್ಳನ್ನ ಮಾಡಿದ್ರಲ್ಲ! ಬೇಡ... ಎರಡು ಕಾಸು ಜಾಸ್ತಿ ಸಿಗುತ್ತೆ ಅಂತ ಸುಳ್ಳು ಹೇಳೋರು ನನಗೆ ಬೇಡ."

ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಅಜ್ಜಿಯನ್ನು ಕಳಿಸಿ ಯಜಮಾನರು ಅವಳ ಎದುರು ಸ್ಟೂಲು ಎಳೆದುಕೊಂಡು ಕೂತರು.

"ಕೇಳಿದ್ರೆ ಬೇಡ ಅಂತಿದ್ನಾ ನಾನು?"

"ತಪ್ಪಾಯ್ತು ಯಜಮಾನ್ರೇ... ಎಲ್ಲೂ ಹೋಗಲ್ಲ. ಇಲ್ಲೇ ಬಿದ್ದಿರ್ತೀನಿ."

"ಅದು ಬೇಡ. ನಾಚಿಕೆಗೆ ಇಲ್ಲಿ ಉಳೀಬೇಡ. ದಿನಾ ನಿನ್ನ ತಗ್ಗಿಸಿದ ತಲೆ ನೋಡ್ಕೊಂಡು ನಾನು ಅಂಗಡಿ ನಡೆಸಲಾ? ಹೋಗೋದಾದ್ರೆ ತಲೆ ಎತ್ತಿ ಹೋಗು. ಇರೋದಾದ್ರೂ ತಲೆ ಎತ್ತಿ ಇರು. ಸಂಬಳ ಸಾಲ್ತಿಲ್ವಾ?"

"ಸಂಬಳಕ್ಕಲ್ಲ..."

"ಮತ್ತೆ?"

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. ಅಷ್ಟೇ. ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಕೆಂಪಾದವು.

"ಓಹೋಹೋ..." ಯಜಮಾನರು ಹಣೆ ಚಚ್ಚಿಕೊಂಡರು. "ಇದಕ್ಕೆ ನನ್ನ ಹತ್ರ ಯಾವ ಗಾಜೂ ಇಲ್ಲಮ್ಮ! ಅಲ್ಲ ಹುಡುಗಿ, ಅದಕ್ಕೋಸ್ಕರ ಅವನ ಮಿಷಿನ್ ತಿರುಗಿಸಬೇಕಿತ್ತಾ?"

ಅಳುತ್ತಲೇ ಅವಳಿಗೆ ನಗು ಬಂತು. ಆಮೇಲೆ ಇಡೀ ಮಧ್ಯಾಹ್ನ ತನ್ನನ್ನು ತಾನೇ ಕೇಳಿಕೊಂಡಳು. 'ಹೋಗಲಾ? ಇರಲಾ?' ಆ ಹೊಸ ಅಂಗಡಿಯನ್ನು ನೆನೆದರೆ ಅಲ್ಲಿನ ಮಿಷಿನ್, ಬೆಳಕು, ಕುರ್ಚಿ ಯಾವುದೂ ಕಣ್ಮುಂದೆ ಬರಲಿಲ್ಲ. ಅವನೊಬ್ಬನೇ ಬಂದ. ಕೆಲಸ ಎಂದು ನೆನೆದರೆ ಈ ಸವೆದ ಮೇಜೇ ಬಂತು. ಇಲ್ಲಿ ಅವಳಿಗೆ ಒಂದು ದಿನವೂ ಬೇಸರವಾಗಿರಲಿಲ್ಲ.

* * *

ಸಂಜೆ ಅವಳು ಹೋದಾಗ ಅವನು ತನ್ನ ಅಂಗಡಿಯ ಗಾಜು ಒರೆಸುತ್ತಿದ್ದ.

"ಕೆಲಸಕ್ಕೆ ಬರಲ್ಲ ಅಂತ ಹೇಳೋಕೆ ಬಂದೆ."

"ನಾನೇ ಬೇಡ ಅಂದಾಗಿದೆ. ಯಾಕೆ, ಅಲ್ಲೇ ಸಂಬಳ ಜಾಸ್ತಿ ಮಾಡಿದ್ರಾ?"

ಮಾತು ಚುಚ್ಚಿತು. ಆದರೂ ಅವಳು ಹಿಂದೆ ಸರಿಯಲಿಲ್ಲ.

"ನಿಮಗೂ ಸುಳ್ಳು ಹೇಳಿದೆ, ಅವರಿಗೂ ಹೇಳಿದೆ. ನೆನೆಸಿಕೊಂಡ್ರೆ ಮೈ ಹಿಡಿಯಾಗುತ್ತೆ. ಆದ್ರೆ ದುಡ್ಡಿಗಲ್ಲ. ಮಿಷಿನ್ ಬಂದ್ಮೇಲೆ ನೀವು ನಮ್ಮ ಅಂಗಡಿಗೆ ಬರಲ್ಲ... ಅದಕ್ಕೆ. ನನಗೆ ನಿಮ್ಮ ಕೆಲಸ ಬೇಕಾಗಿರಲಿಲ್ಲ. ನೀವು..."

ಅವಳು ತಿರುಗಿ ಹೊರಟೇಬಿಟ್ಟಳು.

"ನಿಲ್ಲಿ!"

ಅವನ ಕೈಯ ಬಟ್ಟೆ ಕೆಳಗೆ ಬಿದ್ದಿತ್ತು.

"ಮಿಷಿನ್ ಬಂದ್ರೆ ನಾನು ಯಾವ ನೆಪ ಹೇಳ್ಕೊಂಡು ಅಲ್ಲಿಗೆ ಬರಲಿ ಅಂತ ತಾನೇ ನಿಮ್ಮನ್ನ ಇಲ್ಲಿಗೆ ಕರೆದಿದ್ದು? ಸಂಬಳ ಅಂತ ಬೈದೆನಲ್ಲ... ನನಗೆ ಹೊಟ್ಟೆ ಉರಿದಿತ್ತು. ದುಡ್ಡಿಗೆ ಬರ್ತಿದ್ದೀರಿ, ನನಗೋಸ್ಕರ ಅಲ್ಲ ಅಂತ."

ಅವಳು ತಲೆ ಎತ್ತಿದಳು. ಎರಡು ದಿನದಲ್ಲಿ ಮೊದಲ ಸಲ.

"ನಾಳೆ ಬರಲಾ ನಿಮ್ಮ ಅಂಗಡಿಗೆ?" ಅವನ ದನಿ ಇಳಿದಿತ್ತು. "ತೀಡಿಸೋಕೆ ಗಾಜು ಯಾವುದೂ ಇಲ್ಲ."

"ಯಾಕೆ ಬಂದ್ರಿ ಅಂತ ಯಜಮಾನ್ರು ಕೇಳ್ತಾರೆ."

"ಏನು ಹೇಳ್ಲಿ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ನಿಜ ಹೇಳಿ."